ಕಾಯಿ ಕೊಂಡರೆ ಆಟ ಬಂದೀತೇ?

ಈಚಿನ ಕೆಲವು ವರ್ಷಗಳಿಂದ ನಮ್ಮ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಅನುಕೂಲಸ್ಥರ ಮನೆಗಳಲ್ಲಿ ಒಂದು ಹೊಸ ವಸ್ತು ಬಂದು ಕುಳಿತಿದೆ. ಅದು ಚೌಕಾಬಾರದ ಪೆಟ್ಟಿಗೆ. ಹೊಳಪು ಕೊಟ್ಟ ಕಟ್ಟಿಗೆಯ ಮಣೆ, ಹಿತ್ತಾಳೆಯಲ್ಲಿ ಎರಕ ಹೊಯ್ದ ಆನೆ ಕುದುರೆಗಳಂಥ ಕಾಯಿ, ಮಖಮಲ್ಲಿನ ಚೀಲದಲ್ಲಿ ಕವಡೆ. ಗೃಹಪ್ರವೇಶಕ್ಕೆ, ಮದುವೆಗೆ, ನಿವೃತ್ತಿಯ ಸಮಾರಂಭಕ್ಕೆ ಏಲಕ್ಕಿ ಹಾರದ ಜೊತೆಗೆ ಇದನ್ನೂ ಕಾಣಿಕೆಯಾಗಿ ಕೊಡುವ ರೂಢಿ ಬೆಳೆಯುತ್ತಿದೆ. ಮನೆಯವರು ಅದನ್ನು ಶೋಕೇಸಿನಲ್ಲಿ ಮಗ ಗೆದ್ದ ಕಪ್ಪುಗಳ ಪಕ್ಕದಲ್ಲಿ ಇಡುತ್ತಾರೆ. ಬಂದವರು "ಭಾಳ ಛಲೋ ಐತ್ರಿ" ಎನ್ನುತ್ತಾರೆ. "ಆಡ್ತೀರೇನ್ರಿ?" ಎಂದು ಕೇಳಿ ನೋಡಿ. "ಅಯ್ಯ, ಆಡಾಕ ಯಾರಿಗೆ ಬರ್ತದ ಬಿಡ್ರಿ. ನಮ್ಮಜ್ಜಿ ಆಡ್ತಿದ್ಲು" ಎಂಬ ಉತ್ತರ ನಗುನಗುತ್ತಲೇ ಬರುತ್ತದೆ.

ಆ ನಗುವಿನ ಮೇಲೆಯೇ ನನ್ನ ತಕರಾರು. ಆಟದ ಸಾಮಾನು ಮನೆಗೆ ಬಂದರೆ ಆಟವೂ ಬಂದಂತೆಯೇ, ನಮ್ಮ ಸಂಸ್ಕೃತಿ ಉಳಿದಂತೆಯೇ ಎಂದು ನಾವು ತಿಳಿದುಕೊಂಡಿದ್ದೇವೆ. ಇದು ಶುದ್ಧ ತಪ್ಪು ತಿಳಿವಳಿಕೆ. ಆಟದ ಜೀವ ಇರುವುದು ಅದರ ನಿಯಮದಲ್ಲಿ. ಕಾಯಿ ಎಂಬುದು ಆ ಜೀವಕ್ಕೆ ತೊಡಿಸಿದ ಒಡವೆ. ಒಡವೆಯನ್ನು ಜೋಪಾನ ಮಾಡಿ ಜೀವವನ್ನು ಬಿಟ್ಟುಕೊಡುವ ಈ ವ್ಯವಹಾರವನ್ನು ನಾನು ಒಪ್ಪಲಾರೆ. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ" ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ನಮ್ಮ ಜಿಲ್ಲೆಯ ಒಂದು ಶಾಲೆಯಲ್ಲಿ ದೇಶೀ ಆಟಗಳ ಸ್ಪರ್ಧೆ ನಡೆದಿತ್ತು. ಬೇರೆ ಬೇರೆ ಶಾಲೆಗಳ ಹುಡುಗಿಯರು ಬಂದಿದ್ದರು. ನಾನೂ ನಮ್ಮ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಹುಲಿ-ಕುರಿ ಆಟದ ಸರದಿ ಬಂದಾಗ ಒಂದು ಜೋಡಿ ಫ್ಲೆಕ್ಸಿನಲ್ಲಿ ಮುದ್ರಿಸಿದ ಪಟ ಹಾಸಿ ಪ್ಲಾಸ್ಟಿಕ್ಕಿನ ಹುಲಿ ಕುರಿಗಳನ್ನು ಸಾಲಾಗಿ ನಿಲ್ಲಿಸಿತು. ನೋಡಲು ಬಲು ಚೆಂದ. ಆಟ ಶುರುವಾದ ಎರಡು ನಿಮಿಷಕ್ಕೆ ಜಗಳವೂ ಶುರುವಾಯಿತು. ಹುಲಿ ಎರಡು ಕುರಿಗಳನ್ನು ಒಮ್ಮೆಗೇ ದಾಟಬಹುದು ಎಂದು ಒಬ್ಬಳು, ದಾಟಬಾರದು ಎಂದು ಇನ್ನೊಬ್ಬಳು. ಮೇಲ್ವಿಚಾರಣೆಗೆ ನಿಂತವರಿಗೂ ಗೊತ್ತಿರಲಿಲ್ಲ. ಪಕ್ಕದಲ್ಲಿ ಸುಣ್ಣದ ಕಡ್ಡಿಯಿಂದ ನೆಲದ ಮೇಲೆ ಪಟ ಬರೆದುಕೊಂಡು, ಹುಣಸೆ ಬೀಜ ಕುರಿ, ಹರಳು ಹುಲಿ ಎಂದು ಇಟ್ಟುಕೊಂಡು ಕುಳಿತಿದ್ದ ಹುಡುಗಿ ಎದ್ದು ಹೇಳಿದಳು: "ಅಕ್ಕೋರ, ಎರಡು ಕುರಿ ಒಂದರ ಹಿಂದ ಒಂದು ನಿಂತ್ರ ಹುಲಿ ಜಿಗಿಯಾಂಗಿಲ್ರಿ. ಹಂಗ ಜಿಗಿದ್ರ ಕುರಿ ಯಾವಾಗ ಗೆಲ್ಲಬೇಕ್ರಿ?" ಆ ಹೊತ್ತಿನ ಮಟ್ಟಿಗೆ ಅವಳ ಮಾತಿನಿಂದ ಜಗಳ ನಿಂತಿತು. ಸಾಯಂಕಾಲ ಬಹುಮಾನ ಹಂಚುವಾಗ ಮೊದಲ ಬಹುಮಾನ ಹೋದದ್ದು ಪ್ಲಾಸ್ಟಿಕ್ಕಿನ ಹುಲಿಗಳಿಗೆ. ಕಾರಣ, "ಪ್ರದರ್ಶನ ಆಕರ್ಷಕವಾಗಿತ್ತು."

ಆ ಹುಡುಗಿಯ ಪ್ರಶ್ನೆಯಲ್ಲಿ ಇಡೀ ಆಟವೇ ಇದೆ. ದಕ್ಷಿಣ ಭಾರತದಲ್ಲಿ ಹೆಚ್ಚು ಬಳಕೆಯಲ್ಲಿರುವ ಬಗೆಯನ್ನೇ ತೆಗೆದುಕೊಳ್ಳಿ. 3 ಹುಲಿ, 15 ಕುರಿ, ಗೆರೆಗಳು ಕೂಡುವ 23 ನೆಲೆ. ಹುಲಿಯ ಪಕ್ಕದ ನೆಲೆಯಲ್ಲಿ ಕುರಿ ಇದ್ದು, ಅದರಾಚೆಯ ನೆಲೆ ಖಾಲಿ ಇದ್ದರೆ ಹುಲಿ ಜಿಗಿದು ಕುರಿಯನ್ನು ತಿನ್ನುತ್ತದೆ. ಆಚೆ ಇನ್ನೊಂದು ಕುರಿ ನಿಂತಿದ್ದರೆ ಹುಲಿಯ ಆಟ ಸಾಗದು. ಕುರಿಗಳು ಒಂದೊಂದಾಗಿ ಇಳಿಯುತ್ತವೆ. ಎಲ್ಲವೂ ಇಳಿದು ಮುಗಿಯುವ ತನಕ ಯಾವ ಕುರಿಯನ್ನೂ ಸರಿಸುವ ಹಾಗಿಲ್ಲ. ಹುಲಿಗಳಿಗೆ ಅಲುಗಲು ಜಾಗವಿಲ್ಲದಂತೆ ಕಟ್ಟಿಹಾಕಿದರೆ ಗೆಲುವು ಕುರಿಗಳದು. ಎರಡು ಕುರಿ ದಾಟಬಾರದೆಂಬ ಒಂದೇ ಒಂದು ನಿಯಮವನ್ನು ತೆಗೆದುಬಿಡಿ. ಒಟ್ಟಾಗಿ ನಿಂತು ಪ್ರಯೋಜನವಿಲ್ಲ, ಕುರಿ ಬರೇ ತಿನಿಸಾಗಿ ಉಳಿಯುತ್ತದೆ. ಬಡವರು ಕೂಡಿ ನಿಂತರೆ ಬಲಿಷ್ಠನನ್ನೂ ತಡೆಯಬಹುದು ಎಂಬ ಪಾಠ ಈ ಆಟದಲ್ಲಿದೆ ಎನ್ನುತ್ತೇವಲ್ಲ, ಆ ಪಾಠ ಪ್ಲಾಸ್ಟಿಕ್ಕಿನ ಕುರಿಯ ಮುಖದಲ್ಲಿ ಬರೆದಿಲ್ಲ. ಅದು ಈ ನಿಯಮದಲ್ಲಿದೆ. ಬೆಣಚುಕಲ್ಲಿನ ಹುಲಿಗೂ ಹುಣಸೆ ಬೀಜದ ಕುರಿಗೂ ಅದು ಅಷ್ಟೇ ಅನ್ವಯಿಸುತ್ತದೆ.

ಚೌಕಾಬಾರದ ಲೆಕ್ಕವಂತೂ ಇನ್ನೂ ಸೊಗಸು. ಐದು ಮನೆ ಉದ್ದ, ಐದು ಮನೆ ಅಗಲದ ಪಟ. ಹೊರಸುತ್ತಿನಲ್ಲಿ 16 ಮನೆ, ಒಳಸುತ್ತಿನಲ್ಲಿ 8, ನಡುವೆ ಹಣ್ಣಾಗುವ ಮನೆ ಒಂದು. ನಾಲ್ಕೂ ಬದಿಯ ನಟ್ಟನಡುವೆ ಕತ್ತರಿ ಹಾಕಿದ ಮನೆ. ಅಲ್ಲಿ ಕುಳಿತ ಕಾಯಿಯನ್ನು ಯಾರೂ ಕಡಿಯುವ ಹಾಗಿಲ್ಲ. ನಾಲ್ಕು ಕವಡೆ ಎಸೆದರೆ ಎಷ್ಟು ಬಾಯಿ ಮೇಲಾಗಿ ಬೀಳುತ್ತವೋ ಅಷ್ಟು ಗರ. ನಾಲ್ಕೂ ಮೇಲಾದರೆ 4, ನಾಲ್ಕೂ ಬೋರಲಾದರೆ 8. ಈ ಎರಡು ಗರ ಬಿದ್ದವರಿಗೆ ಮತ್ತೊಮ್ಮೆ ಎಸೆಯುವ ಹಕ್ಕು. ಈಗ ಪಟದ ಮೇಲೆ ಬೆರಳಿಟ್ಟು ಎಣಿಸಿ ನೋಡಿ. ನಿಮ್ಮ ಕತ್ತರಿ ಮನೆಯಿಂದ ನಾಲ್ಕು ಎಣಿಸಿದರೆ ಸರಿಯಾಗಿ ಮುಂದಿನ ಕತ್ತರಿ ಮನೆ. ಎಂಟು ಎಣಿಸಿದರೆ ಎದುರಾಳಿಯ ಕತ್ತರಿ ಮನೆ. ಗರಕ್ಕೂ ಪಟಕ್ಕೂ ಎಂಥ ಹೊಂದಾಣಿಕೆ! ಕವಡೆಗೆ ಬದಲು ಸೀಳಿದ ಹುಣಸೆ ಬೀಜ ಎಸೆದು, ಬಿಳಿ ಮಗ್ಗುಲು ಕಪ್ಪು ಮಗ್ಗುಲು ಸಮಸಮವಾಗಿ ಬೀಳುತ್ತವೆ ಎಂದಿಟ್ಟುಕೊಂಡರೆ, ಬೀಳುವ ಬಗೆ ಒಟ್ಟು 16. ಅದರಲ್ಲಿ 4 ಬೀಳುವುದು ಒಂದು ಬಗೆಯಲ್ಲಿ, 8 ಬೀಳುವುದು ಒಂದು ಬಗೆಯಲ್ಲಿ. 2 ಮಾತ್ರ ಆರು ಬಗೆಯಲ್ಲಿ ಬೀಳುತ್ತದೆ. ಅಪರೂಪಕ್ಕೆ ಬೀಳುವ ಗರಕ್ಕೇ ದೊಡ್ಡ ನೆಗೆತ, ಅದಕ್ಕೇ ಮತ್ತೊಂದು ಸರದಿ. ಅಕ್ಷರ ಬಾರದ ನಮ್ಮ ಅಜ್ಜಿಯಂದಿರು ಈ ಲೆಕ್ಕವನ್ನು ಕೈಯಲ್ಲೇ ಇಟ್ಟುಕೊಂಡಿದ್ದರು.

ರಾಣೆಬೆನ್ನೂರಿನ ನನ್ನ ಪರಿಚಯದವರೊಬ್ಬರು ಹಿಂದಿನ ವರ್ಷ ಮಗಳ ಮನೆಗೆಂದು ಒಂದು ದುಬಾರಿ ಪೆಟ್ಟಿಗೆ ತಂದರು. ತೆರೆದು ನೋಡಿದರೆ ಕವಡೆಯ ಜಾಗದಲ್ಲಿ ಲೂಡೋದ ಆರು ಮುಖದ ದಾಳ! ಆ ದಾಳದಲ್ಲಿ ಎಂಟು ಬೀಳುವುದೇ ಇಲ್ಲ. ನಾಲ್ಕು ಬೀಳುವುದು ಒಂದರಷ್ಟೇ, ಎರಡರಷ್ಟೇ ಸುಲಭ. ಮೇಲೆ ಹೇಳಿದ ಹೊಂದಾಣಿಕೆಯೆಲ್ಲ ನೀರಲ್ಲಿ ಹೋಮ. ಪೆಟ್ಟಿಗೆಯಲ್ಲಿ ನಿಯಮದ ಒಂದು ಚೀಟಿಯಾದರೂ ಇದೆಯೇ ಎಂದು ಹುಡುಕಿದೆವು. ಮಣೆಯನ್ನು ಒದ್ದೆ ಬಟ್ಟೆಯಿಂದ ಒರೆಸಬಾರದು ಎಂಬ ಸೂಚನೆ ಇಂಗ್ಲಿಷಿನಲ್ಲಿತ್ತು. ಆಡುವುದು ಹೇಗೆಂಬ ಮಾತು ಒಂದೂ ಇರಲಿಲ್ಲ. ಮಾಡಿದವರೂ ಇದನ್ನು ಒರೆಸಿ ಇಡುವ ವಸ್ತು ಎಂದೇ ತಿಳಿದಿದ್ದಾರೆ ಎಂದಾಯಿತು.

ಈ ಜಗಳ ನಮ್ಮೊಬ್ಬರದೇ ಅಲ್ಲ. ಮೇಜಿನ ಮೇಲೆ ಪುಟ್ಟ ಸೈನಿಕರ ಗೊಂಬೆಗಳನ್ನು ನಿಲ್ಲಿಸಿ ಯುದ್ಧದ ಆಟ ಆಡುವ ಹವ್ಯಾಸ ಪಶ್ಚಿಮದ ದೇಶಗಳಲ್ಲಿ ಬಹಳ ಬೆಳೆದಿದೆ. ಅಲ್ಲಿ ಇಂದಿಗೂ ಎರಡು ಪಕ್ಷ. ಗೊಂಬೆಗಳಿಗೆ ಬಣ್ಣ ಬಳಿದು ಸಾಲು ಹಿಡಿದು ನಿಲ್ಲಿಸುವುದೇ ಮುಖ್ಯ ಎನ್ನುವವರು ಒಂದು ಕಡೆ. ನಿಯಮ ಗಟ್ಟಿಯಿದ್ದರೆ ರಟ್ಟಿನ ತುಂಡಾದರೂ ಸಾಕು ಎನ್ನುವವರು ಇನ್ನೊಂದು ಕಡೆ. ಈ ಆಟದ ಹುಟ್ಟಿನ ಕಥೆಯೇ ಎರಡನೆಯವರ ಪರವಾಗಿದೆ. 1812ರಲ್ಲಿ ಪ್ರಷ್ಯಾ ದೇಶದ ರೈಸ್ವಿಟ್ಸ್ ಎಂಬ ಶ್ರೀಮಂತರು ತಮ್ಮ ದೊರೆಗೆ ಒಂದು ಯುದ್ಧದಾಟದ ಮೇಜನ್ನು ಒಪ್ಪಿಸಿದರು. ಖಾನೆಖಾನೆಗಳ ಚೆಲುವಾದ ಮೇಜು, ಬೆಟ್ಟ ನದಿಗಳನ್ನು ಮೂಡಿಸಿದ ಅಚ್ಚುಗಳು, ಪಿಂಗಾಣಿಯ ಕಾಯಿಗಳು. ಅರಸರ ಮನೆಯವರು ಮೆಚ್ಚಿ ಆಡಿದರು. ಅದು ಅರಮನೆಯ ವಿನೋದವಾಗಿಯೇ ಉಳಿಯಿತು. 1824ರಲ್ಲಿ ಅವರ ಮಗ, ಸೈನ್ಯದ ಯುವ ಅಧಿಕಾರಿ, ಅದೇ ಆಟವನ್ನು ಕಾಗದದ ನಕ್ಷೆ, ಸಣ್ಣ ಲೋಹದ ತುಂಡು ಮತ್ತು ಅಚ್ಚು ಹಾಕಿಸಿದ ನಿಯಮಗಳ ಪುಸ್ತಕ ಇಷ್ಟಕ್ಕೆ ಇಳಿಸಿದ. ಸೇನೆಯ ಮುಖ್ಯಸ್ಥರು ನೋಡಿ ಬೆರಗಾದರು, ಇದು ಯುದ್ಧದ ಶಾಲೆಯೇ ಸರಿ ಎಂದು ಇಡೀ ಸೈನ್ಯಕ್ಕೆ ಶಿಫಾರಸು ಮಾಡಿದರು. ಮುಂದೆ ಬೇರೆ ದೇಶಗಳ ಸೈನ್ಯಗಳೂ ಅದರ ದಾರಿ ಹಿಡಿದವು. ಅಪ್ಪನ ಪಿಂಗಾಣಿ ಅರಮನೆ ಬಿಟ್ಟು ಹೊರಗೆ ಬರಲಿಲ್ಲ. ಮಗನ ಪುಸ್ತಕ ಲೋಕ ಸುತ್ತಿತು.

ಚದುರಂಗದ ಉದಾಹರಣೆ ನಮಗೆ ಹೆಂಗಸರಿಗೆ ಇನ್ನೂ ಹತ್ತಿರದ್ದು. ನಮ್ಮ ದೇಶದಿಂದ ಹೊರಟ ಆಟ ಪರ್ಶಿಯಾ, ಅರಬ್ಬರ ನಾಡು ದಾಟಿ ಯುರೋಪಿಗೆ ಹೋದಾಗ ಮಂತ್ರಿಯ ಕಾಯಿಗೆ ಅವರು ರಾಣಿಯೆಂದು ಹೆಸರಿಟ್ಟರು. ಸುಮಾರು ಸಾವಿರದ ಇಸವಿಯ ಹೊತ್ತಿಗೇ ಆ ರಾಣಿ ಅಲ್ಲಿದ್ದಳು. ಕುಶಲಿಗಳು ಅವಳಿಗೆ ಕಿರೀಟ ಕೆತ್ತಿದರು, ಸಿಂಹಾಸನ ಕೆತ್ತಿದರು. ಆದರೆ ಅವಳ ನಡೆ ಎಷ್ಟು? ಮೂಲೆಯ ದಿಕ್ಕಿಗೆ ಒಂದೇ ಒಂದು ಮನೆ. ಸುಮಾರು ಐದುನೂರು ವರ್ಷ ಕಿರೀಟ ಹೊತ್ತುಕೊಂಡು ಅವಳು ಆ ಒಂದು ಹೆಜ್ಜೆಯಲ್ಲೇ ಇದ್ದಳು. ಹದಿನೈದನೆಯ ಶತಮಾನದ ಕೊನೆಯ ಭಾಗದಲ್ಲಿ ನಿಯಮ ಬದಲಾಯಿತು. ಎಂಟೂ ದಿಕ್ಕಿಗೆ ಎಷ್ಟು ದೂರ ಬೇಕಾದರೂ ಹೋಗಬಹುದು ಎಂದಾಯಿತು. ಅಂದಿನಿಂದ ಪಟದ ಮೇಲೆ ಅವಳಷ್ಟು ಬಲವುಳ್ಳ ಕಾಯಿ ಇನ್ನೊಂದಿಲ್ಲ. ಅವಳಿಗೆ ಬಲ ಕೊಟ್ಟದ್ದು ಕೆತ್ತನೆಯೋ, ನಿಯಮವೋ? ನೀವೇ ಹೇಳಿ. ಮನೆಯ ಲಕ್ಷ್ಮಿ, ಭಾಗ್ಯದೇವತೆ ಎಂದು ನಮಗೂ ಎಷ್ಟೋ ಕಾಲದಿಂದ ಕಿರೀಟ ಇಡುತ್ತಲೇ ಬಂದಿದ್ದಾರೆ. ನಮ್ಮ ನಡೆ ಬದಲಾದದ್ದು ಶಾಲೆ, ಮತ, ಆಸ್ತಿಯ ಹಕ್ಕುಗಳ ಕಾನೂನು ಬಂದ ಮೇಲೆಯೇ.

ಕಾಯಿ ಉಳಿದು ಆಟ ಹೋದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಸಾಕ್ಷಿಯಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಆಟಗಳಲ್ಲಿ ಅಪಾರ ಆಸಕ್ತಿಯುಳ್ಳವರು. ಅವರ ಶ್ರೀತತ್ತ್ವನಿಧಿಯ ಕೌತುಕನಿಧಿ ಎಂಬ ಭಾಗ ಆಟಗಳಿಗೇ ಮೀಸಲು. ಗಂಜೀಫಾ ಎಂಬ ಎಲೆಯಾಟದಲ್ಲಿ ಅವರು ಹೊಸ ಹೊಸ ಬಗೆಗಳನ್ನು ಕಟ್ಟಿದರು. ಒಂದು ಬಗೆಯಲ್ಲಂತೂ 360 ಎಲೆಗಳು. ಇಂದು ಆ ಗಂಜೀಫಾ ಎಲ್ಲಿದೆ? ಗಂಜೀಫಾ ರಘುಪತಿ ಭಟ್ಟರಂಥ ಕಲಾವಿದರ ಶ್ರಮದಿಂದ ಅದರ ಚಿತ್ರಕಲೆ ಉಳಿಯಿತು, ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಅದಕ್ಕೆ ನಾವು ಕೃತಜ್ಞರಾಗಿರಬೇಕು. ಆದರೆ ಆ ದುಂಡನೆಯ ಎಲೆಗಳನ್ನು ಜನ ಕೊಳ್ಳುವುದು ಹೆಚ್ಚಾಗಿ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಲು. ನಾಲ್ಕು ಜನ ಕುಳಿತು ಎಲೆ ಹಂಚಿ ಆಡುವ ಮನೆ ಹುಡುಕಿದರೂ ಸಿಗುವುದು ಕಷ್ಟ. ಚೌಕಾಬಾರವೂ ಅದೇ ಗೋಡೆಯ ಕಡೆಗೆ ನಡೆದಿದೆ ಎಂಬುದೇ ನನ್ನ ಭಯ. ಸರ್ಕಾರದ ಕಣ್ಣೂ ಸಾಮಾನಿನ ಮೇಲೆಯೇ. 2021ರಲ್ಲಿ ದೇಶಮಟ್ಟದ ಆಟಿಕೆ ಮೇಳ ಮಾಡಿದರು. ಆಟಿಕೆಗೆ ಮೇಳವಾಯಿತು, ಆಟದ ನಿಯಮಗಳಿಗೆ ಒಂದು ಮೇಳ ಯಾವಾಗ?

ನನ್ನ ಮಾತಿಗೆ ಎದುರು ಮಾತೂ ಇದೆ. "ಕಾಯಿ ಚೆಂದ ಇದ್ದರೆ ತಾನೇ ಮಕ್ಕಳು ಹತ್ತಿರ ಬರುತ್ತವೆ? ಚನ್ನಪಟ್ಟಣದ, ಕಿನ್ನಾಳದ ಕುಶಲಿಗಳ ಹೊಟ್ಟೆ ತುಂಬುವುದು ಬೇಡವೇ?" ಎಂದು ಗೆಳತಿಯೊಬ್ಬರು ಕೇಳಿದರು. ಬೇಡವೆಂದವರು ಯಾರು? ಅಡುಗೆಮನೆಯ ಲೆಕ್ಕದಲ್ಲೇ ಹೇಳುತ್ತೇನೆ. ನಮ್ಮ ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಪ್ರಸಿದ್ಧ, ಖಾರ ಕಡಿಮೆ. ಖಾರ ಬೇಕಾದವರು ಗುಂಟೂರು ಕಾಯಿ ಬೆರೆಸುತ್ತಾರೆ. ಬಣ್ಣ ಬೇಕೇ ಬೇಕು, ಆದರೆ ಬಣ್ಣವೊಂದನ್ನೇ ಕಲಸಿಟ್ಟು ಖಾರದ ಪುಡಿ ಎಂದರೆ ಯಾವ ಗೃಹಿಣಿ ಒಪ್ಪುತ್ತಾಳೆ?

ಒಳ್ಳೆಯ ಕಾಯಿ ಎಂದರೆ ನಿಯಮಕ್ಕೆ ದುಡಿಯುವ ಕಾಯಿ. ಚದುರಂಗದ ಸ್ಪರ್ಧೆಗಳಲ್ಲಿ ಇಂದು ಬಳಸುವ ಸ್ಟಾಂಟನ್ ಕಾಯಿಗಳು 1849ರಲ್ಲಿ ಬಂದವು. ಅದಕ್ಕೂ ಮುಂಚೆ ಊರಿಗೊಂದು ಬಗೆಯ ಕಾಯಿ, ಯಾವುದು ಯಾವುದೆಂದು ತಿಳಿಯದ ಗೊಂದಲ. ಸರಳವಾದ, ಬೀಳದೆ ನಿಲ್ಲುವ, ನೋಡಿದೊಡನೆ ಗುರುತು ಸಿಗುವ ಕಾಯಿ ಬಂದ ಮೇಲೆ ಎಲ್ಲಿಯವರು ಎಲ್ಲಿ ಬೇಕಾದರೂ ಕೂತು ಆಡುವಂತಾಯಿತು. 2024ರಲ್ಲಿ ಬುಡಾಪೆಸ್ಟಿನಲ್ಲಿ ನಮ್ಮ ಹೆಣ್ಣುಮಕ್ಕಳ ತಂಡ ಒಲಿಂಪಿಯಾಡಿನ ಚಿನ್ನ ಗೆದ್ದದ್ದು ಅಂಥ ಸಾದಾ ಕಾಯಿಗಳಿಂದಲೇ. ಕಣ್ಣು ಕಾಣದವರ ಚದುರಂಗದಲ್ಲಿ ಕಪ್ಪು ಮನೆಗಳನ್ನು ಎತ್ತರಿಸಿ, ಒಂದು ಬಣ್ಣದ ಕಾಯಿಗಳ ತಲೆಗೆ ಮೊಳೆಯಂಥ ಗುರುತು ಇಟ್ಟು, ಪ್ರತಿ ಮನೆಗೂ ತೂತು ಕೊರೆದಿರುತ್ತಾರೆ. ಬೆರಳಿನಿಂದಲೇ ಪಟ ಓದಬಹುದು. ಅಂಥ ಕಾಯಿಗೆ ಎಷ್ಟು ಹಣ ಕೊಟ್ಟರೂ ಸಾರ್ಥಕ. ನನ್ನ ಸಿಟ್ಟು ಇರುವುದು ಆಟಕ್ಕೆ ಅಡ್ಡವಾಗುವ ಕಾಯಿಯ ಮೇಲೆ, ಆಟವನ್ನೇ ಮರೆಸುವ ಕಾಯಿಯ ಮೇಲೆ.

"ಮೊಬೈಲಿನಲ್ಲಿ ಲೂಡೋ, ಚದುರಂಗ ಎಲ್ಲ ಇದೆಯಲ್ಲ, ನಿಯಮ ಅದೇ ನೋಡಿಕೊಳ್ಳುತ್ತದೆ" ಎನ್ನುವವರೂ ಇದ್ದಾರೆ. ಅದೇ ನನಗೆ ಬೇಡವಾದದ್ದು. ಯಂತ್ರ ನಿಯಮ ನೋಡಿಕೊಂಡರೆ ಮಗು ಏನು ನೋಡಿಕೊಂಡಂತಾಯಿತು? ನಾವು ಆಡುವಾಗ ಮೊದಲ ಕೆಲಸವೇ ನಿಯಮ ಒಪ್ಪಿಕೊಳ್ಳುವುದಾಗಿತ್ತು. ಒಂದಾದರೂ ಕಾಯಿ ಕಡಿಯದೆ ಒಳಸುತ್ತಿಗೆ ಹೋಗಬಹುದೋ ಇಲ್ಲವೋ? ಜೋಡಿ ಕಾಯಿಯನ್ನು ಒಂಟಿ ಕಾಯಿ ಕಡಿಯಬಹುದೋ ಇಲ್ಲವೋ? ಒಂದೊಂದು ಊರಿಗೆ ಒಂದೊಂದು ಪದ್ಧತಿ. ಬ್ಯಾಡಗಿಯಿಂದ ಸೊಸೆಯಾಗಿ ಬಂದವಳು "ನಮ್ಮ ತವರಾಗ ಹಿಂಗ ಆಡೂದಿಲ್ರೀ ಅತ್ತಿ" ಎನ್ನುವಳು. ಅತ್ತೆ "ಇಲ್ಲಿ ಇಂಗ ನೋಡವ್ವ" ಎನ್ನುವಳು. ಚೌಕಾಸಿ ನಡೆದು ಒಂದಕ್ಕೆ ಬರುವರು. ಒಮ್ಮೆ ಒಪ್ಪಿದ ಮೇಲೆ ಅತ್ತೆಗೂ ಅದೇ, ಸೊಸೆಗೂ ಅದೇ. ಅತ್ತೆಯ ಕಾಯಿಯನ್ನು ಸೊಸೆ ಹೆದರದೆ ಕಡಿಯಬಹುದಾಗಿದ್ದ ಜಾಗ ಆ ಮನೆಯಲ್ಲಿ ಬೇರೆ ಯಾವುದಿತ್ತು? ತವರಿನಿಂದ ಗಂಡನ ಮನೆಗೆ ಹೋಗುವಾಗ ಮಣೆಯನ್ನು ಹೊತ್ತುಕೊಂಡು ಹೋಗಬೇಕಾಗಿರಲಿಲ್ಲ. ನಿಯಮ ತಲೆಯಲ್ಲಿತ್ತು. ನೆಲವೂ ಸುಣ್ಣದ ಚೂರೂ ಒಡೆದ ಬಳೆಯೂ ಎಲ್ಲೆಡೆ ಸಿಗುತ್ತಿದ್ದವು. ಕಾಸಿಲ್ಲದವಳಿಗೂ ಆಟವಿತ್ತು. ಈಗ ಕಾಯಿ ಕೊಂಡವರದೇ ಆಟ ಎಂದಾದರೆ, ಕೊಳ್ಳಲಾರದವಳು ಬಾಗಿಲಲ್ಲಿ ನಿಂತು ನೋಡಬೇಕು.

ಆಟದ ನಿಯಮಕ್ಕೆ ಹೆಣ್ಣುಮಕ್ಕಳು ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕು ಎಂದರೆ ಕೌರವರ ಸಭೆಯನ್ನು ನೆನೆಸಿಕೊಳ್ಳಿ. ಆ ಸಭೆಯಲ್ಲಿ ಪಗಡೆಗೆ, ಹಾಸಿಗೆ, ವೈಭವಕ್ಕೆ ಯಾವ ಕೊರತೆಯೂ ಇರಲಿಲ್ಲ. ಅಲ್ಲಿ ದ್ರೌಪದಿ ಕೇಳಿದ್ದು ನಿಯಮದ ಪ್ರಶ್ನೆ. ಮೊದಲು ತನ್ನನ್ನೇ ಸೋತವನಿಗೆ ಆಮೇಲೆ ಹೆಂಡತಿಯನ್ನು ಒಡ್ಡುವ ಹಕ್ಕು ಉಂಟೇ ಎಂದು ಕೇಳಿದಳು. ಹಿರಿಯರು ಧರ್ಮ ಸೂಕ್ಷ್ಮವೆಂದು ತಲೆ ತಗ್ಗಿಸಿದರು. ಅವಳ ಪರವಾಗಿ ಬಾಯಿಬಿಟ್ಟ ವಿಕರ್ಣನನ್ನು ಗದರಿಸಿ ಕೂರಿಸಿದರು. ನಿಯಮ ಎಲ್ಲರಿಗೂ ಗೊತ್ತಿದ್ದು, ಎಲ್ಲರೂ ಅದಕ್ಕೆ ಬದ್ಧರಾಗಿದ್ದರೆ ಅವಳು ಅಷ್ಟು ದೊಡ್ಡ ಸಭೆಯಲ್ಲಿ ಒಬ್ಬಂಟಿಯಾಗಬೇಕಾಗಿರಲಿಲ್ಲ. ನಿಯಮ ಮಸುಕಾದಲ್ಲಿ ಮೊದಲು ಸೋಲುವವಳು ಹೆಣ್ಣು. ಹುಣಸೆ ಬೀಜದ ಹುಡುಗಿಯ ಹಾಗೆ ಎದ್ದು ನಿಂತು "ಹಂಗ ಜಿಗಿಯಾಂಗಿಲ್ರಿ" ಎನ್ನುವ ಅಭ್ಯಾಸ ಎಳವೆಯಲ್ಲೇ ಆಗಬೇಕು. ಅದನ್ನು ಆಟಕ್ಕಿಂತ ಚೆನ್ನಾಗಿ ಕಲಿಸುವ ಪಾಠ ನನ್ನ ಶಾಲೆಯ ಯಾವ ಪುಸ್ತಕದಲ್ಲೂ ಇಲ್ಲ.

ಹಾಗಾದರೆ ಏನು ಮಾಡಬೇಕು? ದೊಡ್ಡ ಕೆಲಸವೇನೂ ಅಲ್ಲ. ಅಂಗಡಿಯಲ್ಲಿ ಪೆಟ್ಟಿಗೆ ಕೊಳ್ಳುವಾಗ "ಆಡೂ ರೀತಿ ಕನ್ನಡದಾಗ ಬರದ ಚೀಟಿ ಐತೇನ್ರಿ?" ಎಂದು ಕೇಳಿ. ಇಲ್ಲವೆಂದರೆ ಕೊಳ್ಳಬೇಡಿ. ನಾಲ್ಕು ಗಿರಾಕಿಗಳು ಹೀಗೆ ಕೇಳಿದರೆ ಐದನೆಯವರ ಹೊತ್ತಿಗೆ ಚೀಟಿ ಬರುತ್ತದೆ. ಶಾಲೆಗಳ ಸ್ಪರ್ಧೆಯಲ್ಲಿ ನಿಯಮಗಳನ್ನು ಮೊದಲೇ ಹಲಗೆಯ ಮೇಲೆ ಬರೆಯಲಿ, ಬಹುಮಾನವನ್ನು ಆಟಕ್ಕೆ ಕೊಡಲಿ. ನಮ್ಮ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲೇ ಜಾನಪದ ವಿಶ್ವವಿದ್ಯಾಲಯವಿದೆ. ಹತ್ತಿರದ ರಾಕ್ ಗಾರ್ಡನ್ನಿನಲ್ಲಿ ಉತ್ತರ ಕರ್ನಾಟಕದ ಹಳ್ಳಿಯ ಬದುಕನ್ನು ಶಿಲ್ಪವಾಗಿ ನಿಲ್ಲಿಸಿದ್ದಾರೆ. ನೋಡಬೇಕಾದ ಜಾಗವೇ. ಆದರೆ ಶಿಲ್ಪ ಬಾಯಿಬಿಟ್ಟು ಮುಂದಿನ ಸರದಿ ಯಾರದೆಂದು ಹೇಳಲಾರದು. ಅದನ್ನು ಹೇಳಬಲ್ಲ ಅಜ್ಜಿಯಂದಿರು ಇನ್ನೂ ನಮ್ಮ ಓಣಿಗಳಲ್ಲಿದ್ದಾರೆ.

ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಜೋಕಾಲಿ, ಉಂಡಿ, ಹರಟೆ ಎಲ್ಲ ಇರಲಿ. ಜೊತೆಗೆ ಒಂದು ನೂರು ಪುಟದ ನೋಟುಪುಸ್ತಕ ತೆಗೆದುಕೊಂಡು ಅಜ್ಜಿಯ ಪಕ್ಕದಲ್ಲಿ ಕುಳಿತುಕೊಳ್ಳಿ. ಆಟದ ಹೆಸರು, ಊರು, ಪಟದ ಚಿತ್ರ, ಕಾಯಿ ಎಷ್ಟು, ಮೊದಲು ಯಾರು, ಯಾವ ಗರಕ್ಕೆ ಏನು, ಏನು ಮಾಡಬಾರದು, ತಕರಾರು ಬಂದರೆ ತೀರ್ಮಾನ ಹೇಗೆ, ಇಷ್ಟನ್ನು ಬರೆಯಿರಿ. ಬರೆದದ್ದು ಸರಿಯೋ ಎಂದು ಅಲ್ಲೇ ಒಂದು ಆಟ ಆಡಿ ನೋಡಿ. ಕಾಯಿ ಇಲ್ಲವೆಂದು ಚಿಂತಿಸಬೇಡಿ. ಸಾರಿಗೆ ಹುಣಸೆ ಹಣ್ಣು ಕಿವುಚಿದ ಮೇಲೆ ಬೀಜ ಮನೆಯಲ್ಲೇ ಇರುತ್ತದೆ.